ಹಳೆಯ ಗಣಕಕ್ಕೆ ಹೊಸ ಲುಬುಂಟು: ಗುಂಡಿ ಒತ್ತುವ ಮುನ್ನ ಅರಿಯಬೇಕಾದ ಸಂಗತಿಗಳು

ಹತ್ತು-ಹನ್ನೆರಡು ವರ್ಷ ಹಳೆಯದಾದ ಲ್ಯಾಪ್‌ಟಾಪ್. ವಿಂಡೋಸ್ ತೆವಳತೊಡಗಿದಾಗ ಗೆಳೆಯರೊಬ್ಬರು ಅದರಲ್ಲಿ ಹಗುರ ಲಿನಕ್ಸ್ ಹಾಕಿಕೊಟ್ಟರು. ಅಂದಿನಿಂದ ಪತ್ರ ಬರೆಯಲು, ವಿದ್ಯುತ್ ಬಿಲ್ ಕಟ್ಟಲು, ಮಕ್ಕಳ ಪಾಠಕ್ಕೆ ಅದೇ ಆಸರೆ. ಹೀಗಿರುವಾಗ ಒಂದು ದಿನ ಪರದೆಯ ಮೇಲೆ ಪುಟ್ಟ ಕಿಟಕಿಯೊಂದು ಮೂಡುತ್ತದೆ: 'ಹೊಸ ಆವೃತ್ತಿ ಲಭ್ಯವಿದೆ, ಅಪ್‌ಗ್ರೇಡ್ ಮಾಡಬೇಕೆ?' ಒತ್ತಿದರೆ ಇರುವುದೂ ಹಾಳಾದೀತೆಂಬ ಭಯ, ಒತ್ತದಿದ್ದರೆ ಏನಾದೀತೋ ಎಂಬ ಅನುಮಾನ. ಲಿನಕ್ಸ್ ಹಾಕಿಕೊಟ್ಟ ಗೆಳೆಯರು ಈಗ ಊರಿನಲ್ಲಿಲ್ಲ. ಬಹುತೇಕರು 'ಆಮೇಲೆ ನೋಡೋಣ' ಎಂದು ಕಿಟಕಿ ಮುಚ್ಚಿಬಿಡುತ್ತಾರೆ.

ಈ 'ಆಮೇಲೆ' ಎಂಬುದೇ ಅಪಾಯದ ಮೂಲ. ಉಬುಂಟು ಕುಟುಂಬದ ಹಗುರ ಸದಸ್ಯನಾದ ಲುಬುಂಟುವನ್ನೇ ಉದಾಹರಣೆಯಾಗಿ ನೋಡಬಹುದು. ಅದರ 22.04 ಆವೃತ್ತಿಗೆ ನೀಡುತ್ತಿದ್ದ ಬೆಂಬಲ 2025ರ ಏಪ್ರಿಲ್‌ನಲ್ಲಿ ಮುಗಿಯಿತು. ಮುಗಿದ ದಿನ ಗಣಕವೇನೂ ನಿಂತುಹೋಗುವುದಿಲ್ಲ, ಎಂದಿನಂತೆಯೇ ಓಡುತ್ತದೆ. ಆದರೆ ಆ ಆವೃತ್ತಿಯನ್ನು ನೋಡಿಕೊಳ್ಳುವ ತಂಡದ ಹೊಣೆ ಅಲ್ಲಿಗೆ ಮುಗಿದಿರುತ್ತದೆ. ಆನಂತರ ಪತ್ತೆಯಾಗುವ ದೋಷಗಳಿಗೆ ತೇಪೆ ಬರುವ ಖಾತರಿಯಿಲ್ಲ. ಬ್ಯಾಂಕ್ ವ್ಯವಹಾರ ನಡೆಸುವ ಗಣಕದಲ್ಲಿ ಇದು ಕಡೆಗಣಿಸುವ ಮಾತಲ್ಲ.

ಸಮಾಧಾನದ ಸಂಗತಿಯೆಂದರೆ, ಈ ಕೆಲಸಕ್ಕೆ ತಂತ್ರಜ್ಞರೇ ಆಗಬೇಕಿಲ್ಲ. ಅಪ್‌ಗ್ರೇಡ್ ಕೆಡುವುದು ಬಹುಪಾಲು ನಾಲ್ಕೈದು ಸಾಮಾನ್ಯ ಕಾರಣಗಳಿಂದ. ಅವುಗಳನ್ನು ಮೊದಲೇ ತಿಳಿದು ಕ್ರಮವಾಗಿ ನಡೆದರೆ ಹಳೆಯ ಗಣಕ ಇನ್ನೂ ಕೆಲವು ವರ್ಷ ಬಾಳುತ್ತದೆ.

ಅಂಕಿಗಳ ಹಿಂದಿನ ಅರ್ಥ

ಲುಬುಂಟು ಆವೃತ್ತಿಯ ಸಂಖ್ಯೆಯಲ್ಲಿಯೇ ಅದರ ಜನ್ಮದಿನ ಅಡಗಿದೆ. 22.04 ಎಂದರೆ 2022ರ ನಾಲ್ಕನೇ ತಿಂಗಳು, 24.04 ಎಂದರೆ 2024ರ ನಾಲ್ಕನೇ ತಿಂಗಳು. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುವುದು ದೀರ್ಘಾವಧಿ ಬೆಂಬಲದ ಆವೃತ್ತಿ. ಮೂಲ ಉಬುಂಟುವಿನ ಇಂಥ ಆವೃತ್ತಿಗೆ ಐದು ವರ್ಷ ಬೆಂಬಲವಿದ್ದರೆ, ಲುಬುಂಟುವಿಗೆ ಮೂರೇ ವರ್ಷ. ಈ ವ್ಯತ್ಯಾಸ ಅನೇಕರಿಗೆ ತಿಳಿದಿರುವುದಿಲ್ಲ. 24.04 ಆವೃತ್ತಿಯ ಅವಧಿ 2027ರ ಏಪ್ರಿಲ್‌ವರೆಗೆ. ನಡುವೆ ಬರುವ ಇತರ ಆವೃತ್ತಿಗಳ ಆಯಸ್ಸು ಕೇವಲ ಒಂಬತ್ತು ತಿಂಗಳು. ದಿನಬಳಕೆಯ ಗಣಕಕ್ಕೆ ಅವು ಬೇಡ.

ಇನ್ನೊಂದು ನಿಯಮವಿದೆ. ಒಂದು ದೀರ್ಘಾವಧಿ ಆವೃತ್ತಿಯಿಂದ ಅದರ ಮುಂದಿನದಕ್ಕೆ ಮಾತ್ರ ಏರಬಹುದು, ಮೆಟ್ಟಿಲು ಹಾರುವಂತಿಲ್ಲ. 20.04ರಲ್ಲಿ ಇರುವವರು ಮೊದಲು 22.04ಕ್ಕೆ, ಅಲ್ಲಿಂದ 24.04ಕ್ಕೆ ಹೋಗಬೇಕು. ಹೊಸ ಆವೃತ್ತಿ ಬಿಡುಗಡೆಯಾದ ದಿನವೇ ಸೂಚನೆ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಅದರ ಮೊದಲ ತಿದ್ದುಪಡಿ ಆವೃತ್ತಿ ಬಂದ ನಂತರವೇ ಹಳಬರಿಗೆ ಬಾಗಿಲು ತೆರೆಯುವುದು ವಾಡಿಕೆ. 24.04ರ ವಿಷಯದಲ್ಲಿ ಹಾಗೆ ಆದದ್ದು 2024ರ ಆಗಸ್ಟ್ ಕೊನೆಯಲ್ಲಿ.

18.04 ಅಥವಾ ಅದಕ್ಕಿಂತ ಹಳೆಯ ಲುಬುಂಟು ಬಳಸುತ್ತಿರುವವರ ಸ್ಥಿತಿ ಬೇರೆ. 2018ರ ಅಕ್ಟೋಬರ್‌ನಲ್ಲಿ ಬಂದ 18.10 ಆವೃತ್ತಿಯಲ್ಲಿ ಲುಬುಂಟು ತನ್ನ ಪರದೆಯ ವ್ಯವಸ್ಥೆಯನ್ನೇ ಎಲ್‌ಎಕ್ಸ್‌ಡಿಇಯಿಂದ ಎಲ್‌ಎಕ್ಸ್‌ಕ್ಯೂಟಿಗೆ ಬದಲಿಸಿತು. ಆದ್ದರಿಂದ ಹಳೆಯದರಿಂದ ಹೊಸದಕ್ಕೆ ನೇರ ಅಪ್‌ಗ್ರೇಡ್‌ಗೆ ಬೆಂಬಲವಿಲ್ಲ. ಅವರು ಕಡತಗಳನ್ನು ಹೊರಗೆ ತೆಗೆದಿಟ್ಟು ಹೊಸದಾಗಿಯೇ ಅನುಸ್ಥಾಪಿಸಬೇಕು.

ಮೊದಲು ಕಡತ, ಆಮೇಲೆ ಗಣಕ

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ತೊಂದರೆ ಬಂದ ಮೇಲೆ ಬ್ಯಾಕಪ್ ಹುಡುಕಿ ಫಲವಿಲ್ಲ. ಫೋಟೋ, ದಾಖಲೆ, ಬ್ರೌಸರ್‌ನ ಬುಕ್‌ಮಾರ್ಕ್‌ಗಳನ್ನು ಹೊರಗಿನ ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು. ನಕಲಾದ ಕಡತಗಳಲ್ಲಿ ಒಂದೆರಡನ್ನು ಬೇರೆ ಗಣಕದಲ್ಲಿ ತೆರೆದು ನೋಡುವುದು ಒಳಿತು. ತೆರೆಯದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಟೈಮ್‌ಶಿಫ್ಟ್ ಎಂಬ ತಂತ್ರಾಂಶ ವ್ಯವಸ್ಥೆಯ ಈಗಿನ ಸ್ಥಿತಿಯನ್ನು ಹಾಗೆಯೇ ಉಳಿಸಿಟ್ಟು, ಬೇಕಾದಾಗ ಹಿಂದಿರುಗಲು ನೆರವಾಗುತ್ತದೆ. ಆದರೆ ಅದು ತಾನಾಗಿ ಉಳಿಸುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ, ಮನೆಯವರ ಫೋಟೋಗಳನ್ನಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಮೋಸಹೋದವರು ಕಡಿಮೆಯಿಲ್ಲ.

ಕನ್ನಡಿಗರು ನೆನಪಿಡಬೇಕಾದ ಮತ್ತೊಂದು ಅಂಶವಿದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಕಡತಗಳು ಆ ಹಳೆಯ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಹೊಸದಾಗಿ ಅನುಸ್ಥಾಪಿಸುವಾಗ ಡಿಸ್ಕ್ ಅಳಿಸಿದರೆ ನಾವಾಗಿ ಸೇರಿಸಿಕೊಂಡ ಫಾಂಟ್‌ಗಳೂ ಹೋಗುತ್ತವೆ. ಕಡತಗಳ ಜೊತೆಗೆ ಫಾಂಟ್‌ಗಳನ್ನೂ ನಕಲು ಮಾಡಿಡಬೇಕು. ಯೂನಿಕೋಡ್ ಬಳಸುವವರಿಗೆ ಚಿಂತೆಯಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳು ಲಿನಕ್ಸ್‌ನ ಭಂಡಾರದಲ್ಲಿಯೇ ಸಿಗುತ್ತವೆ. ಕೀಲಿಮಣೆಯ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಹಾಗೂ ಕಗಪ ಎರಡೂ ಇವೆ.

ಅವಸರವೇ ಅಪಘಾತಕ್ಕೆ ಕಾರಣ

ಹೆದ್ದಾರಿ ಬದಿಯ ಈ ಫಲಕ ಇಲ್ಲಿಗೂ ಸಲ್ಲುತ್ತದೆ. ಅಪ್‌ಗ್ರೇಡ್‌ಗೆ ಬಿಡುವಿನ ದಿನವನ್ನು ಆರಿಸಿಕೊಳ್ಳಬೇಕು. ಹಳೆಯ ಗಣಕದಲ್ಲಿ ಎರಡು-ಮೂರು ಗಂಟೆ ಹಿಡಿಯಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಜೋಡಿಸಿರಬೇಕು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈಹಾಕಬಾರದು. ವಿದ್ಯುತ್ ಕಡಿತದ ವೇಳಾಪಟ್ಟಿ ತಿಳಿದಿರುವವರು ಅದನ್ನೂ ನೋಡಿಕೊಳ್ಳಲಿ.

ಡಿಸ್ಕ್‌ನಲ್ಲಿ ಹತ್ತು ಗಿಗಾಬೈಟ್‌ಗಿಂತ ಹೆಚ್ಚು ಜಾಗ ಖಾಲಿಯಿದ್ದರೆ ನೆಮ್ಮದಿ. ನಂತರ ಈಗಿನ ಆವೃತ್ತಿಗೆ ಬಾಕಿಯಿರುವ ಎಲ್ಲ ಅಪ್‌ಡೇಟ್‌ಗಳನ್ನು ಮುಗಿಸಿ ಗಣಕವನ್ನು ಒಮ್ಮೆ ಮರುಚಾಲನೆ ಮಾಡಬೇಕು. ಈ ಹೆಜ್ಜೆ ಬಾಕಿಯಿದ್ದರೆ ಅಪ್‌ಗ್ರೇಡ್ ಸಾಧನ ಮುಂದುವರಿಯಲು ಒಪ್ಪುವುದೇ ಇಲ್ಲ.

ಕಿಟಕಿಯ ಸೂಚನೆ ಬರದಿದ್ದರೆ ಟರ್ಮಿನಲ್ ತೆರೆದು 'ಸುಡೋ ಡು-ರಿಲೀಸ್-ಅಪ್‌ಗ್ರೇಡ್' ಎಂಬ ಆದೇಶ ನೀಡಬಹುದು. ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನು ಗಣಕದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಹೊರಗಿನ ಮೂಲಗಳಿಂದ ಸೇರಿಸಿಕೊಂಡ ತಂತ್ರಾಂಶಗಳ ಅಪ್‌ಡೇಟ್ ಕೊಂಡಿಗಳನ್ನು ಸಾಧನವೇ ನಿಷ್ಕ್ರಿಯಗೊಳಿಸುತ್ತದೆ. ಅವನ್ನು ಆಮೇಲೆ ಮತ್ತೆ ಚಾಲೂ ಮಾಡಿಕೊಳ್ಳಬೇಕು. ನಡುವೆ ಕೆಲವು ಹೊಂದಾಣಿಕೆ ಕಡತಗಳ ಬಗ್ಗೆ 'ಈಗಿನದನ್ನೇ ಉಳಿಸಲೇ, ಹೊಸದನ್ನು ಹಾಕಲೇ' ಎಂಬ ಪ್ರಶ್ನೆ ಬರುತ್ತದೆ. ಏನೆಂದು ತಿಳಿಯದಿದ್ದರೆ ಈಗಿನದನ್ನೇ ಉಳಿಸಿಕೊಳ್ಳುವುದು ಕ್ಷೇಮ. ಪ್ರಗತಿಯ ಪಟ್ಟಿ ಒಂದೆಡೆ ನಿಂತಂತೆ ಕಂಡರೂ ಪವರ್ ಗುಂಡಿಯತ್ತ ಕೈ ಹೋಗಬಾರದು. ಹಾರ್ಡ್ ಡಿಸ್ಕ್‌ನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಎಡವುವ ಜಾಗಗಳು

ದೋಷದ ಸಂದೇಶ ಕಂಡೊಡನೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಲಿನಕ್ಸ್‌ನ ದೋಷ ಸಂದೇಶ ಉದ್ದವಾಗಿದ್ದರೂ ಅದರ ಕೊನೆಯ ಎರಡು-ಮೂರು ಸಾಲುಗಳಲ್ಲಿ ಕಾರಣ, ಕೆಲವೊಮ್ಮೆ ಪರಿಹಾರವೂ ಇರುತ್ತದೆ. ಆ ಪರದೆಯ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳುವುದು ಮೊದಲ ಕೆಲಸ. ಸಾಮಾನ್ಯವಾಗಿ ಎದುರಾಗುವ ತೊಡಕುಗಳು ಇಂತಿವೆ.

ದಿನಾಂಕದ ದೋಷ: ಹಳೆಯ ಗಣಕದ ಮದರ್‌ಬೋರ್ಡ್‌ನಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಸತ್ತರೆ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ಅಪ್‌ಡೇಟ್ ಪಟ್ಟಿ 'ಇನ್ನೂ ಜಾರಿಗೆ ಬಂದಿಲ್ಲ' ಎಂಬ ವಿಚಿತ್ರ ದೋಷ ಕಾಣಿಸುತ್ತದೆ. ಬ್ರೌಸರ್ ಕೂಡ ಜಾಲತಾಣಗಳು ಸುರಕ್ಷಿತವಲ್ಲ ಎನ್ನುತ್ತದೆ. ಈ ವರದಿಗಾರ ಒಮ್ಮೆ ಅರ್ಧ ದಿನ ಅಂತರ್ಜಾಲ ಸಂಪರ್ಕವನ್ನೇ ದೂರುತ್ತ ಕುಳಿತಿದ್ದ. ಕಡೆಗೆ ಕಣ್ಣು ಬಿದ್ದದ್ದು ಪರದೆಯ ಮೂಲೆಯ ಗಡಿಯಾರದ ಮೇಲೆ. ದಿನಾಂಕ ಸರಿಪಡಿಸಿದ ಕೂಡಲೇ ಎಲ್ಲವೂ ನಡೆಯಿತು. ಅನೇಕ ಗಣಕಗಳಲ್ಲಿ ಇರುವುದು ಸಿಆರ್ 2032 ಎಂಬ, ಗಡಿಯಾರದ ಅಂಗಡಿಯಲ್ಲೂ ಸಿಗುವ ಅಗ್ಗದ ಬ್ಯಾಟರಿ.

ಬೀಗದ ಸಂದೇಶ: 'ಬೀಗ ಸಿಗುತ್ತಿಲ್ಲ' ಎಂಬ ಅರ್ಥದ ಸಂದೇಶ ಬಂದರೆ ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ಓಡುತ್ತಿದೆ ಎಂದರ್ಥ. ಹತ್ತು-ಹದಿನೈದು ನಿಮಿಷ ಕಾಯುವುದೇ ಮದ್ದು. ಬೀಗದ ಕಡತವನ್ನೇ ಅಳಿಸಿಹಾಕಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಎರಡು ಕೆಲಸಗಳು ಒಟ್ಟಿಗೆ ನಡೆದು ವ್ಯವಸ್ಥೆ ಕೆಡುವುದು ಹಾಗೆಯೇ.

ಅರ್ಧಕ್ಕೆ ನಿಂತ ಅನುಸ್ಥಾಪನೆ: ನಡುವೆ ವಿದ್ಯುತ್ ಹೋದರೆ ಕೆಲವು ಪ್ಯಾಕೇಜ್‌ಗಳು ಅರೆಬರೆಯಾಗಿ ಉಳಿಯುತ್ತವೆ. ಮುಂದಿನ ಸಲ ಅಪ್‌ಡೇಟ್ ಮಾಡಹೊರಟಾಗ ಗಣಕ ತಾನೇ ಬೇಕಾದ ಆದೇಶವನ್ನು ಪರದೆಯ ಮೇಲೆ ತೋರಿಸುತ್ತದೆ. 'ಡಿಪಿಕೆಜಿ' ಎಂದು ಆರಂಭವಾಗಿ 'ಕಾನ್ಫಿಗರ್' ಎಂಬ ಪದವಿರುವ ಆ ಸಾಲನ್ನು ಹಾಗೆಯೇ ಟೈಪ್ ಮಾಡಿದರೆ ಬಾಕಿ ಕೆಲಸ ಮುಂದುವರಿಯುತ್ತದೆ.

ತುಂಬಿದ ಬೂಟ್ ವಿಭಾಗ: ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದು ಬಂದಂತೆಲ್ಲ ಹಳೆಯವೂ ಉಳಿದಿರುತ್ತವೆ. ಬೂಟ್‌ಗೆ ಪ್ರತ್ಯೇಕ ಸಣ್ಣ ವಿಭಾಗವಿದ್ದರೆ ಅದು ತುಂಬಿ ಅಪ್‌ಗ್ರೇಡ್ ನಿಲ್ಲುತ್ತದೆ. 'ಸುಡೋ ಆಪ್ಟ್ ಆಟೋರಿಮೂವ್' ಎಂಬ ಆದೇಶ ಬೇಡದ ಹಳೆಯ ಕರ್ನಲ್‌ಗಳನ್ನು ತೆಗೆದು ಜಾಗ ಮಾಡಿಕೊಡುತ್ತದೆ.

ಕಪ್ಪು ಪರದೆ: ಅಪ್‌ಗ್ರೇಡ್ ಮುಗಿದು ಮರುಚಾಲನೆಯಾದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ಎದೆಗುಂದಬಾರದು. ಹೊಸ ಕರ್ನಲ್‌ಗೂ ಹಳೆಯ ಗ್ರಾಫಿಕ್ಸ್ ಭಾಗಕ್ಕೂ ಹೊಂದದಿರುವುದು ಇದಕ್ಕೆ ಸಾಮಾನ್ಯ ಕಾರಣ. ಗಣಕ ಆರಂಭವಾಗುವಾಗ ಹಳೆಯ ಯಂತ್ರಗಳಲ್ಲಿ ಶಿಫ್ಟ್, ತುಸು ಹೊಸತರಲ್ಲಿ ಎಸ್ಕೇಪ್ ಕೀಲಿ ಒತ್ತಿದರೆ ಗ್ರಬ್ ಪಟ್ಟಿ ಬರುತ್ತದೆ. ಅದರ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನಲ್ ಆರಿಸಿದರೆ ಬಹುಪಾಲು ಗಣಕ ಎಚ್ಚರಗೊಳ್ಳುತ್ತದೆ. ಒಂದಾದರೂ ಹಳೆಯ ಕರ್ನಲ್ ಉಳಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಮಾಯವಾದ ವೈ-ಫೈ: ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಪ್ರತ್ಯೇಕ ಡ್ರೈವರ್ ಬೇಕು. ಅದನ್ನು ಇಳಿಸಿಕೊಳ್ಳಲು ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ವೈ-ಫೈ ಬೇಕು! ಈ ಗೋಜಿಗೆ ಸುಲಭ ಪರಿಹಾರ ಮೊಬೈಲ್ ಫೋನ್. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೆ ಲಿನಕ್ಸ್ ಅದನ್ನು ಕೂಡಲೇ ಗುರುತಿಸುತ್ತದೆ.

ಡಿಸ್ಕ್ ಪರೀಕ್ಷೆಯ ಬೇಡಿಕೆ: ಪದೇಪದೇ ವಿದ್ಯುತ್ ಕಡಿತ ಕಂಡ ಗಣಕ ಒಂದು ಬೆಳಿಗ್ಗೆ ಕಪ್ಪು ಪರದೆಯಲ್ಲಿ 'ಇನಿಟ್‌ರಾಮ್‌ಎಫ್‌ಎಸ್' ಎಂದು ಬರೆದು ನಿಲ್ಲಬಹುದು. ಮೇಲಿನ ಸಾಲಿನಲ್ಲಿ ಯಾವ ವಿಭಾಗವನ್ನು ಪರೀಕ್ಷಿಸಬೇಕು ಎಂಬ ಹೆಸರಿರುತ್ತದೆ. 'ಎಫ್‌ಎಸ್‌ಸಿಕೆ' ಆದೇಶದ ಮುಂದೆ ಆ ಹೆಸರು ಬರೆದರೆ ಗಣಕ ತನ್ನನ್ನು ತಾನೇ ತಿದ್ದಿಕೊಳ್ಳಲು ಯತ್ನಿಸುತ್ತದೆ. ಇದೇ ತೊಂದರೆ ಮರುಕಳಿಸಿದರೆ ಅಥವಾ ಡಿಸ್ಕ್‌ನಿಂದ ಟಿಕ್‌ಟಿಕ್ ಸದ್ದು ಬಂದರೆ ಡಿಸ್ಕ್‌ನ ಆಯಸ್ಸು ಮುಗಿಯುತ್ತಿದೆ ಎಂದು ತಿಳಿಯಬೇಕು. ಆಗ ಪರೀಕ್ಷೆಗಿಂತ ಮೊದಲು ಲಿನಕ್ಸ್ ಪೆನ್‌ಡ್ರೈವ್‌ನಿಂದ ಗಣಕ ತೆರೆದು ಕಡತಗಳನ್ನು ಉಳಿಸಿಕೊಳ್ಳುವುದು ಜಾಣತನ.

ಹಗುರ ಎಂದರೆ ಎಷ್ಟು ಹಗುರ?

ಲುಬುಂಟು ಹಗುರವಾದರೂ ಅದರ ಮೇಲೆ ಓಡುವ ಬ್ರೌಸರ್ ಹಗುರವಲ್ಲ. ವ್ಯವಸ್ಥೆ ಉಳಿಸಿಕೊಟ್ಟ ಮೆಮೊರಿಯನ್ನೆಲ್ಲ ನಾಲ್ಕು ಜಾಲಪುಟಗಳು ನುಂಗಬಲ್ಲವು. ಎರಡು ಗಿಗಾಬೈಟ್ ಮೆಮೊರಿಯಲ್ಲಿ ಪತ್ರ ಬರೆಯಬಹುದು, ಆದರೆ ಜಾಲವಿಹಾರ ತ್ರಾಸದಾಯಕ. ನಾಲ್ಕು ಇದ್ದರೆ ದಿನಬಳಕೆ ಸಲೀಸು. 22.04ರಿಂದೀಚೆಗೆ ಫೈರ್‌ಫಾಕ್ಸ್ 'ಸ್ನ್ಯಾಪ್' ರೂಪದಲ್ಲಿ ಬರುತ್ತಿದ್ದು, ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮೊದಲ ಸಲ ತೆರೆಯಲು ತಡವಾಗುತ್ತದೆ. ಇದು ಕೆಟ್ಟುಹೋದುದರ ಲಕ್ಷಣವಲ್ಲ.

ಹಣ ಹಾಕುವುದಾದರೆ ಮೊದಲು ಹಾಕಬೇಕಾದದ್ದು ಡಿಸ್ಕ್‌ಗೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಆಗುವ ಬದಲಾವಣೆಯನ್ನು ಯಾವ ತಂತ್ರಾಂಶವೂ ತರಲಾರದು. ಎರಡನೆಯದು ಮೆಮೊರಿ. ಈ ಎರಡರ ಆಚೆಗೆ ಹಳೆಯ ಗಣಕಕ್ಕೆ ಖರ್ಚು ಮಾಡುವುದು ವ್ಯರ್ಥ.

ಒಂದು ಮಿತಿಯನ್ನು ಮಾತ್ರ ಯಾವ ಅಪ್‌ಗ್ರೇಡೂ ದಾಟಿಸದು. ಲುಬುಂಟು 19.04ರಿಂದ 32 ಬಿಟ್ ಯಂತ್ರಗಳನ್ನು ಕೈಬಿಟ್ಟಿತು. ಉಬುಂಟುವಿನ ಮೂಲವಾದ ಡೆಬಿಯನ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ ಅಂಥ ಯಂತ್ರಗಳಿಗೆ ಹೊಸ ಅನುಸ್ಥಾಪನೆ ನಿಲ್ಲಿಸಿತು. 2008ರ ಸುಮಾರಿಗೆ ಬಂದ, ಆಟಮ್ ಎನ್270 ಚಿಪ್‌ನ ಪುಟ್ಟ ನೆಟ್‌ಬುಕ್‌ಗಳು ಈ ಗುಂಪಿಗೆ ಸೇರುತ್ತವೆ. ತಮ್ಮ ಗಣಕ ಯಾವುದೆಂದು 'ಎಲ್‌ಎಸ್‌ಸಿಪಿಯು' ಆದೇಶ ನೀಡಿ ತಿಳಿಯಬಹುದು.

ಅಪ್‌ಗ್ರೇಡೋ, ಹೊಸ ಅನುಸ್ಥಾಪನೆಯೋ?

ಒಂದೇ ಮೆಟ್ಟಿಲು ಬಾಕಿಯಿದ್ದು ಗಣಕ ಆರೋಗ್ಯವಾಗಿದ್ದರೆ ಅಪ್‌ಗ್ರೇಡ್ ಸಾಕು. ಎರಡು-ಮೂರು ಮೆಟ್ಟಿಲು ಹಿಂದಿದ್ದರೆ, ಇಲ್ಲವೇ ಹೇಗೂ ಎಸ್‌ಎಸ್‌ಡಿ ಹಾಕಿಸುವವರಿದ್ದರೆ, ಹೊಸದಾಗಿ ಅನುಸ್ಥಾಪಿಸುವುದೇ ಲೇಸು. ಆಗಲೂ ಮೊದಲು ಪೆನ್‌ಡ್ರೈವ್‌ನಿಂದಲೇ ಹೊಸ ಆವೃತ್ತಿಯನ್ನು ಓಡಿಸಿ ವೈ-ಫೈ, ಧ್ವನಿ, ಪರದೆಯ ಹೊಳಪು, ಮುದ್ರಕ ಇವು ನಡೆಯುತ್ತವೆಯೇ ಎಂದು ಪರೀಕ್ಷಿಸಬಹುದು. ಡಿಸ್ಕ್‌ನ ಒಂದಕ್ಷರವೂ ಬದಲಾಗದು.

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಎಷ್ಟೋ ಗಣಕಗಳಿಗೆ ಹಗುರ ಲಿನಕ್ಸ್ ಒಂದು ಆಸರೆ. ಆದರೆ ಲಿನಕ್ಸ್ ಹಾಕಿದೊಡನೆ ಹೊಣೆ ಮುಗಿಯುವುದಿಲ್ಲ; ಅದಕ್ಕೂ ಕೊನೆಯ ದಿನಾಂಕವಿದೆ. ಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಗುರುತು ಹಾಕುವಂತೆ, ತಮ್ಮ ಲಿನಕ್ಸ್ ಆವೃತ್ತಿಯ ಕೊನೆಯ ತಿಂಗಳನ್ನೂ ಬರೆದಿಟ್ಟುಕೊಂಡರೆ ಮುಂದಿನ ಸಲ ಆ ಪುಟ್ಟ ಕಿಟಕಿ ಮೂಡಿದಾಗ ಭಯಪಡುವ ಪ್ರಮೇಯವೇ ಬಾರದು.