ಶಾಖಾ ಕಚೇರಿಗಳ ಜೋಡಣೆ: ವಿಪಿಎನ್ ರೌಟರ್ ಕೊಳ್ಳುವ ಮುನ್ನ

ಪೀಣ್ಯದಲ್ಲಿ ಕಾರ್ಖಾನೆ, ಹುಬ್ಬಳ್ಳಿಯಲ್ಲಿ ಮಾರಾಟ ಕಚೇರಿ, ಲೆಕ್ಕಪತ್ರವೆಲ್ಲ ಒಂದೇ ಕಂಪ್ಯೂಟರಿನಲ್ಲಿ. ಇಂತಹ ಸಂಸ್ಥೆಗಳು ಲೀಸ್ಡ್ ಲೈನಿನ ವೆಚ್ಚವಿಲ್ಲದೆ, ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೂಲಕವೇ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸಲು ವಿಪಿಎನ್ ರೌಟರ್ ನೆರವಾಗುತ್ತದೆ.

ಪೆಟ್ಟಿಗೆಯ ಮೇಲೆ ಮುದ್ರಿತವಾದ ವೇಗವನ್ನು ನಂಬಿ ಕೊಳ್ಳುವುದು ಸಲ್ಲದು. ಅದು ಬಹುಮಟ್ಟಿಗೆ ಗೂಢಲಿಪಿಯಿಲ್ಲದ ವೇಗ. ಗೂಢಲಿಪಿಯ ಹೊರೆ ಬಿದ್ದೊಡನೆ ಅಗ್ಗದ ಸಾಧನ ಏದುಸಿರು ಬಿಡುತ್ತದೆ. ಆದುದರಿಂದ ಐಪಿಸೆಕ್ ಅಥವಾ ವೈರ್‌ಗಾರ್ಡ್ ವೇಗವೆಷ್ಟೆಂದು ವಿವರಪತ್ರದಲ್ಲಿ ನೋಡಬೇಕು. ಪಿಪಿಟಿಪಿ ಒಂದನ್ನೇ ಬಲ್ಲ ಸಾಧನ ಪುಕ್ಕಟೆ ಸಿಕ್ಕರೂ ಬೇಡ. ಅದರ ರಕ್ಷಣೆಯನ್ನು ಭೇದಿಸುವ ಬಗೆ 2012ರಲ್ಲಿಯೇ ಬಹಿರಂಗವಾಗಿದೆ.

ಹಳೆಯ ಮಾದರಿಗಳ ಅಗ್ಗದ ಬೆಲೆಯೂ ಮೋಸದ್ದೇ. 2018ರಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಸುಮಾರು 5 ಲಕ್ಷ ಸಾಧನಗಳನ್ನು ಹೊಕ್ಕಿತು. ಅವುಗಳಲ್ಲಿ ಹೆಚ್ಚಿನವು ಮನೆ ಹಾಗೂ ಸಣ್ಣ ಕಚೇರಿಗಳ ರೌಟರುಗಳು. ಭದ್ರತಾ ಪರಿಷ್ಕರಣೆ ಇನ್ನೆಷ್ಟು ವರ್ಷ ದೊರೆಯುವುದೆಂಬುದನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯುವುದು ಲೇಸು.

ಒಂದು ಕಚೇರಿಗಾದರೂ ಸ್ಥಿರ ಐಪಿ ವಿಳಾಸವಿರಲಿ. ಹಲವು ಗ್ರಾಹಕರಿಗೆ ಒಂದೇ ವಿಳಾಸ ಹಂಚುವ ಸಂಪರ್ಕದಲ್ಲಿ ಹೊರಗಿನ ಶಾಖೆಗೆ ಸಾಮಾನ್ಯವಾಗಿ ಪ್ರವೇಶ ಸಿಗದು. ಇದರ ಮಾಸಿಕ ಇಲ್ಲವೆ ವಾರ್ಷಿಕ ಶುಲ್ಕವನ್ನೂ ಬೆಲೆಯೊಂದಿಗೆ ಕೂಡಿಸಬೇಕು. ಎರಡೂ ಕಡೆಯ ಒಳಜಾಲ 192.168.1 ಸರಣಿಯಲ್ಲಿಯೇ ಇದ್ದರೆ ಜೋಡಣೆ ಕೆಡುತ್ತದೆ. ಒಂದನ್ನು ಮೊದಲೇ ಬದಲಿಸಿಡಬೇಕು.