ಸಜ್ಜೆ ತೆನೆಗೆ ಜೋನಿ ಬಂದೀತು, ಬದುವಿನ ಹುಲ್ಲನ್ನೂ ನೋಡಿ

ಜತ್ತ: ಭೋಗಿ ಬಂತೆಂದರೆ ಗಡಿಯ ಆಚೆಗೂ ಈಚೆಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುವ ಸಪ್ಪಳ. ಆದರೆ ಈ ಸಜ್ಜೆಗೆ ಅರಗಟ್ ರೋಗ ದೇಶದಲ್ಲೇ ಮೊದಲ ಸಲ ಪಿಡುಗಾಗಿ ಬಿದ್ದದ್ದು ಇದೇ ಜಿಲ್ಲೆಯಲ್ಲಿ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅದು 1956ನೇ ಇಸವಿ. ಆಗ ಜಿಲ್ಲೆಯ ಹೆಸರು ದಕ್ಷಿಣ ಸತಾರಾ, 1960ರಲ್ಲಿ ಅದು ಸಾಂಗ್ಲಿ ಆಯಿತು. ಭಿಡೆ ಮತ್ತು ಹೆಗಡೆ ಎಂಬ ತಜ್ಞರು 1957ರಲ್ಲಿ ಈ ರೋಗದ ವರದಿ ಪ್ರಕಟಿಸಿದರು.

ಅರಗಟ್ ಒಂದು ಬೂಷ್ಟು. ಹೂ ಬಿಡುವ ಹೊತ್ತಿಗೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಅದಕ್ಕೆ ಸುಗ್ಗಿ. ಪರಾಗ ಬೀಳುವ ಮೊದಲೇ ಹೂವಿನೊಳಗೆ ಹೊಕ್ಕರೆ ಆಯಿತು, ತೆನೆಯಿಂದ ಜೋನಿ ಬೆಲ್ಲದಂಥ ಅಂಟು ಒಸರತೊಡಗುತ್ತದೆ. ಅದಕ್ಕೆ ನೊಣ, ಇರುವೆ ಮುತ್ತುತ್ತವೆ. ಕೆಲ ದಿನ ಕಳೆದರೆ ಕಾಳಿನ ಜಾಗದಲ್ಲಿ ಕರಿ ಬಣ್ಣದ ಗಟ್ಟಿ ಗಂಟು. ವಿಷ ಇರುವುದು ಆ ಗಂಟಿನಲ್ಲಿ. ಕಾಳಿನ ಜತೆ ಅದೂ ಹಿಟ್ಟಾದರೆ ಉಂಡವರಿಗೆ ವಾಕರಿಕೆ, ವಾಂತಿ, ತಲೆಸುತ್ತು, ವಿಪರೀತ ಮಂಪರು. 1975ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಹೀಗೇ ಆಗಿತ್ತು.

ಹುಲ್ಲಿನಲ್ಲೂ ನೆಲೆ

ಈ ಬೂಷ್ಟು ಸಜ್ಜೆಯನ್ನಷ್ಟೇ ನಂಬಿ ಕೂತಿಲ್ಲ. ಬದುವಿನಲ್ಲಿ, ಗಾಯರಾನದಲ್ಲಿ ಬೆಳೆಯುವ ಅಂಜನ ಹುಲ್ಲಿನ ತೆನೆಯಲ್ಲೂ ಅದು ಬದುಕಬಲ್ಲದು. ಹುಲ್ಲಿನಿಂದ ಬೆಳೆಗೆ ದಾಟಲೂಬಲ್ಲದು. ಮಾಡಗ್ಯಾಳ ಕುರಿಯ ಹೆಸರಿನಿಂದಲೇ ಗುರುತಾಗುವ ಈ ಸೀಮೆಗೆ ಹುಲ್ಲೇ ಬಂಡವಾಳ. ಹಾಗಂತ ಹುಲ್ಲನ್ನೇ ಕಿತ್ತೊಗೆಯುವುದು ಜಾಣತನವಲ್ಲ.

ಅರಗಟ್‌ನ ಕುಲಕ್ಕೇ ಸೇರಿದ ಇನ್ನೊಂದು ಬೂಷ್ಟಿನ ಕಥೆ ಕೇಳಿದರೆ ಇದು ತಿಳಿಯುತ್ತದೆ. ಅಮೆರಿಕದ ಕೆಂಟಕಿಯ ಗುಡ್ಡದಲ್ಲಿ 1931ರಲ್ಲಿ ಸಿಕ್ಕ ಫೆಸ್ಕ್ಯೂ ಹುಲ್ಲು ಬರಕ್ಕೂ ಬಗ್ಗದೆ ಹಸಿರಾಗಿತ್ತು. 1943ರ ನಂತರ ಅದನ್ನು ಎಲ್ಲೆಡೆ ಬಿತ್ತಿದರು. ಅದನ್ನು ಮೇಯ್ದ ದನ ಸೊರಗಿದವು, ಕೆಲವಕ್ಕೆ ಗೊರಸು, ಬಾಲದ ತುದಿ ಕೊಳೆತವು. ಹುಲ್ಲಿನ ಒಡಲೊಳಗೇ ಅಡಗಿರುವ ಬೂಷ್ಟಿಗೂ ಈ ಕಾಯಿಲೆಗೂ ನಂಟಿದೆ ಎಂದು 1977ರಲ್ಲಿ ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು ತೋರಿಸಿದರು. ಅದು ಬೀಜದ ಮೂಲಕವೇ ತಲೆಮಾರು ದಾಟುತ್ತದೆ, ಹೊರಗೆ ಕಾಣುವುದೇ ಇಲ್ಲ. ಬೂಷ್ಟಿಲ್ಲದ ಬೀಜ ಬಿತ್ತಿದಾಗ ದನ ಸುಧಾರಿಸಿದವು, ಹುಲ್ಲು ಮಾತ್ರ ಬರಕ್ಕೆ, ಹುಳುವಿಗೆ ಸೋತಿತು. ಅಂದರೆ ಹುಲ್ಲನ್ನು ಕಾಯುತ್ತಿದ್ದುದೂ ಅದೇ ಬೂಷ್ಟು.

ಅರಗಟ್ ಹಾಗೆ ಅಡಗಿ ಕೂಡುವುದಿಲ್ಲ. ಅದು ಕಣ್ಣಿಗೆ ಕಾಣುತ್ತದೆ. ರೈತರಿಗೆ ಅದೇ ಅನುಕೂಲ.

ಏನು ಮಾಡಬೇಕು?

ಅಂಟು ಒಸರುವ ತೆನೆ ಕಂಡ ಕೂಡಲೇ ಕೊಯ್ದು ಸುಡಬೇಕು. ಹೊಲದಂಚಿನ ಅಂಜನ ಹುಲ್ಲಿನ ತೆನೆಗೂ ಅಂಟು ಹತ್ತಿದ್ದರೆ ಅದನ್ನೂ ಕೊಯ್ದು ಸುಡಬೇಕು, ಕುರಿಗೆ ಹಾಕಬಾರದು. ಬಿತ್ತುವ ಮೊದಲು 10 ಲೀಟರ್ ನೀರಿಗೆ 2 ಕೆ.ಜಿ. ಉಪ್ಪು ಕರಗಿಸಿ ಬೀಜ ಸುರಿದರೆ ಕರಿ ಗಂಟು, ಜೊಳ್ಳು ತೇಲುತ್ತವೆ. ಅವನ್ನು ತೆಗೆದುಹಾಕಿ, ಮುಳುಗಿದ ಬೀಜವನ್ನು ಎರಡು ಮೂರು ಸಲ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಸುಗ್ಗಿ ಮುಗಿದ ಮೇಲೆ ಆಳವಾಗಿ ಉತ್ತರೆ ನೆಲಕ್ಕೆ ಬಿದ್ದ ಗಂಟು ಮೇಲೇಳುವುದಿಲ್ಲ.

ಮನೆಯಲ್ಲಿ ಸಜ್ಜೆ ಹಸನು ಮಾಡುವಾಗ ಮೊರದಲ್ಲಿ ಕಾಳಿಗಿಂತ ಕಪ್ಪಾದ, ಉದ್ದನೆಯ ಗಂಟು ಸಿಕ್ಕರೆ ಆರಿಸಿ ಒಲೆಗೆ ಹಾಕಿ. ಕೋಳಿಗೂ ಚೆಲ್ಲಬೇಡಿ.