ಡೇರೆಗೆ ಬೇಕಾದ ತಂತ್ರಜ್ಞಾನ: ನಂಬಿಕೆ ಮತ್ತು ನಿಜ

ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವವರ ಮೂಲ ಅಗತ್ಯಗಳು ಹೆಚ್ಚಿಲ್ಲ. ಮೈ ಒದ್ದೆಯಾಗಬಾರದು, ನೆಲದ ಥಂಡಿ ತಟ್ಟಬಾರದು, ಕುಡಿಯಲು ಶುದ್ಧ ನೀರು ಸಿಗಬೇಕು, ಹಿಂತಿರುಗುವ ದಾರಿ ಗೊತ್ತಿರಬೇಕು, ಅವಘಡವಾದರೆ ಸುದ್ದಿ ಹೊರಗೆ ಮುಟ್ಟಬೇಕು. ಇದಕ್ಕೆಲ್ಲ ಆಧುನಿಕ ಸಾಧನಗಳು ಎಷ್ಟರಮಟ್ಟಿಗೆ ಬೇಕು ಎಂಬ ಬಗ್ಗೆ ಎರಡು ಅತಿರೇಕದ ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಸೋಲಾರ್ ಪ್ಯಾನೆಲ್, ಸ್ಮಾರ್ಟ್‌ವಾಚ್, ಬಗೆಬಗೆಯ ಆ್ಯಪ್‌ಗಳಿಲ್ಲದೆ ಕಾಡಿಗೆ ಕಾಲಿಡುವುದೇ ಅಪಾಯ ಎನ್ನುವುದು ಒಂದು. ಏನೂ ಇಲ್ಲದೆ ಹೋದರೇನೇ ಅದು ನಿಜವಾದ ಕಾಡಿನ ಅನುಭವ ಎನ್ನುವುದು ಇನ್ನೊಂದು. ಸಾಧನಗಳನ್ನು ಒಂದೊಂದಾಗಿ ಎತ್ತಿಕೊಂಡು ಅವು ಕೆಲಸ ಮಾಡುವ ಬಗೆಯನ್ನು ನೋಡಿದರೆ ಎರಡೂ ನಿಲ್ಲುವುದಿಲ್ಲ.

"ಹಿಂದಿನವರು ಬರಿಗೈಲಿ ಕಾಡು ಸುತ್ತುತ್ತಿದ್ದರು"

ಮಲೆನಾಡಿನವರು ಬರಿಗೈಲಿ ಕಾಡಿಗೆ ಹೋಗುತ್ತಿರಲಿಲ್ಲ. ಮಳೆಗೆ ಕಂಬಳಿ ಕೊಪ್ಪೆ ಅಥವಾ ಗೊರಬು, ಸೊಂಟದಲ್ಲಿ ಕತ್ತಿ, ಇಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು, ಕತ್ತಲಾದರೆ ದೊಂದಿ ಇಲ್ಲವೇ ಲಾಟೀನು ಇದ್ದೇ ಇರುತ್ತಿತ್ತು. ಆ ಜಾಗಕ್ಕೆ, ಆ ಹವೆಗೆ ಹೇಳಿಮಾಡಿಸಿದ ತಂತ್ರಜ್ಞಾನ ಅದು. ಅದಕ್ಕಿಂತ ದೊಡ್ಡ ಆಸ್ತಿ ಅವರ ತಿಳಿವಳಿಕೆ. ಯಾವ ಹಳ್ಳ ಯಾವಾಗ ಏರುತ್ತದೆ, ಆನೆ ಎಲ್ಲಿ ದಾಟುತ್ತದೆ, ಮಂಜು ಮುಸುಕಿದಾಗ ಯಾವ ಏಣನ್ನು ಹಿಡಿದು ಇಳಿಯಬೇಕು ಎಂಬುದು ಅಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತಿರುತ್ತಿತ್ತು. ವಾರಾಂತ್ಯಕ್ಕೆ ಬಸ್ಸು ಹತ್ತಿ ಬರುವವರಿಗೆ ಅದು ಒದಗುವುದಿಲ್ಲ. ಆ ಕೊರತೆಯನ್ನು ನಕ್ಷೆ, ಟಾರ್ಚು, ಔಷಧಿಗಳಿಂದ ಒಂದಿಷ್ಟಾದರೂ ತುಂಬಿಕೊಳ್ಳಬೇಕಾಗುತ್ತದೆ. ಊರಿನವರೊಬ್ಬರನ್ನು ಮಾರ್ಗದರ್ಶಿಯಾಗಿ ಕರೆದೊಯ್ದರೆ ಇನ್ನೂ ಒಳ್ಳೆಯದು.

"ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ನಡೆಯುವುದಿಲ್ಲ"

ಅತ್ಯಂತ ವ್ಯಾಪಕವಾದ ತಪ್ಪು ಕಲ್ಪನೆ ಇದು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ಎಡೆಬಿಡದೆ ಸಂಕೇತ ಕಳಿಸುತ್ತಿರುತ್ತವೆ. ಫೋನ್ ಅವುಗಳನ್ನು ಹಿಡಿಯುತ್ತದೆಯೇ ಹೊರತು ತಾನು ಏನನ್ನೂ ಉಪಗ್ರಹಕ್ಕೆ ಕಳಿಸುವುದಿಲ್ಲ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಇರುವ ಜಾಗದ ಲೆಕ್ಕ ಹಾಕಬಹುದು. ಮೊಬೈಲ್ ಟವರಿನ ಹಂಗಿಲ್ಲ. ಫ್ಲೈಟ್ ಮೋಡ್‌ನಲ್ಲಿಟ್ಟರೂ ಈಗಿನ ಬಹುತೇಕ ಫೋನ್‌ಗಳಲ್ಲಿ ಜಿಪಿಎಸ್ ನಡೆಯುತ್ತದೆ.

ಹಾಗಿದ್ದೂ ಈ ನಂಬಿಕೆ ಹುಟ್ಟಲು ಕಾರಣವಿದೆ. ಪ್ರತಿ ಉಪಗ್ರಹ ಆ ಹೊತ್ತಿಗೆ ಎಲ್ಲಿದೆ ಎಂಬ ವಿವರ ಫೋನಿಗೆ ಮೊದಲು ಬೇಕು. ಊರಿನಲ್ಲಿ ಅದು ಇಂಟರ್ನೆಟ್ ಮೂಲಕ ಕ್ಷಣದಲ್ಲಿ ಬಂದುಬಿಡುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಅದನ್ನು ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಒಂದು ಉಪಗ್ರಹದ ಪಥದ ವಿವರ 30 ಸೆಕೆಂಡಿಗೊಮ್ಮೆ ಬರುತ್ತದೆ, ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಮರಗಳ ಕೆಳಗೆ ನಿಂತರೆ ಸಂಕೇತ ನಡುನಡುವೆ ಕಡಿದುಹೋಗಿ ಇನ್ನೂ ತಡ. ಹತ್ತಿಪ್ಪತ್ತು ಸೆಕೆಂಡು ನೋಡಿ ಫೋನನ್ನು ಜೇಬಿಗೆ ಸೇರಿಸುವವರು ಜಿಪಿಎಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಬಯಲಿಗೆ ಬಂದು ಕೆಲವು ನಿಮಿಷ ಆಕಾಶಕ್ಕೆ ಒಡ್ಡಿದರೆ ಸಾಕಾಗುತ್ತದೆ. ಅಷ್ಟಾದರೂ ತೆರೆಯ ಮೇಲೆ ನೀಲಿ ಚುಕ್ಕಿ ಮಾತ್ರ ಕಂಡು ಸುತ್ತಲೂ ಖಾಲಿಯಿದ್ದರೆ ಕೊರತೆ ನಕ್ಷೆಯದು. ಅದನ್ನು ಮನೆಯಲ್ಲೇ ಆಫ್‌ಲೈನ್ ಆಗಿ ಇಳಿಸಿಕೊಂಡಿರಬೇಕಿತ್ತು.

ಇದರ ಎದುರಿನ ನಂಬಿಕೆ, ಜಿಪಿಎಸ್ ಇದ್ದರೆ ದಾರಿ ತಪ್ಪುವುದಿಲ್ಲ ಎನ್ನುವುದು. ಅದೂ ಸರಿಯಲ್ಲ. ತೆರೆದ ಬಯಲಿನಲ್ಲಿ ಫೋನಿನ ಲೆಕ್ಕ ಸುಮಾರು 5 ಮೀಟರ್ ಒಳಗೆ ಸರಿಯಿರುತ್ತದೆ. ಶೋಲಾ ಕಾಡಿನೊಳಗೆ, ಆಳವಾದ ಕಣಿವೆಯಲ್ಲಿ ಈ ತಪ್ಪು ಹಲವು ಪಟ್ಟು ಬೆಳೆಯುತ್ತದೆ. ನಕ್ಷೆಗೂ ಮಿತಿಯಿದೆ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಗಳಲ್ಲಿ ಸಮೋನ್ನತಿ ರೇಖೆಗಳ ನಡುವಿನ ಅಂತರ 20 ಮೀಟರ್. ಹದಿನೈದು ಮೀಟರ್ ಎತ್ತರದ ಕಡಿದಾದ ಬಂಡೆಯೊಂದು ಎರಡು ರೇಖೆಗಳ ನಡುವೆ ಗುರುತೇ ಇಲ್ಲದಂತೆ ಅಡಗಿರಬಹುದು, ಮನುಷ್ಯ ಬಿದ್ದರೆ ಪ್ರಾಣವೇ ಹೋಗಬಹುದಾದ ಎತ್ತರ ಅದು. ಆದ್ದರಿಂದ ಚುಕ್ಕಿಯನ್ನು ನೋಡುತ್ತ ನೇರ ಇಳಿಯುವುದಕ್ಕಿಂತ ಬಂದ ಕಾಲುದಾರಿಗೆ ಮರಳುವುದು ಯಾವಾಗಲೂ ಸುರಕ್ಷಿತ. ಇದೇ ನಕ್ಷೆಗಳು ಸರ್ವೆ ಆಫ್ ಇಂಡಿಯಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮುದ್ರಿಸಿಕೊಂಡ ಒಂದು ಹಾಳೆ ಮತ್ತು ಸಾಧಾರಣ ದಿಕ್ಸೂಚಿ ಬ್ಯಾಟರಿ ಮುಗಿದ ಮೇಲೂ ಕೆಲಸಕ್ಕೆ ಬರುತ್ತವೆ. ಕರ್ನಾಟಕದಲ್ಲಿ ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ. ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ವಾಲಿದಂತಾಗುತ್ತದೆ, ನಡಿಗೆಯಲ್ಲಿ ಅದು ಲೆಕ್ಕಕ್ಕಿಲ್ಲ.

"ತುರ್ತು ಕರೆ ಎಲ್ಲಿಂದಲಾದರೂ ಹೋಗುತ್ತದೆ"

112ಕ್ಕೆ ಕರೆ ಮಾಡಲು ಸ್ವಂತ ಕಂಪನಿಯ ಸಿಗ್ನಲ್ ಬೇಕಿಲ್ಲ, ಆ ಜಾಗಕ್ಕೆ ತಲುಪುವ ಬೇರೆ ಯಾವುದೇ ಕಂಪನಿಯ ಟವರ್ ಮೂಲಕವೂ ಕರೆ ಹೋಗಬಹುದು. ಇದು ನಿಜ. ಇದನ್ನೇ ಹಿಗ್ಗಿಸಿ, ಯಾವ ಟವರೂ ಇಲ್ಲದಿದ್ದರೂ 112 ಸಿಗುತ್ತದೆ ಎಂದು ನಂಬುವವರಿದ್ದಾರೆ. ಯಾವ ಟವರಿನ ಸಂಕೇತವೂ ತಲುಪದ ಕಣಿವೆಯಿಂದ ಆ ಕರೆ ಹೋಗುವುದಿಲ್ಲ. ಏಣಿನ ಮೇಲಕ್ಕೆ ಹತ್ತಬೇಕು. ದುರ್ಬಲ ಸಿಗ್ನಲ್‌ನಲ್ಲಿ ಮಾತು ಕಡಿದುಹೋದರೂ ಎಸ್ಸೆಮ್ಮೆಸ್ ಹೋಗುವ ಸಾಧ್ಯತೆ ಇರುತ್ತದೆ.

ಹಾಗಾದರೆ ಉಪಗ್ರಹ ಫೋನ್ ಒಯ್ಯಬಹುದಲ್ಲ ಎನ್ನುವವರು ಕಾನೂನನ್ನು ತಿಳಿದಿರಬೇಕು. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ತುರಾಯ, ಇರಿಡಿಯಂ ಫೋನ್‌ಗಳಿಗೆ ನಿಷೇಧವಿದೆ. ವಿದೇಶದ ಚಾರಣಿಗರು ಚೀಲಕ್ಕೆ ಸಿಕ್ಕಿಸಿಕೊಳ್ಳುವ ಉಪಗ್ರಹ ಸಂದೇಶ ಸಾಧನಗಳಿಗೂ ಅನುಮತಿ ಬೇಕು, ಅದಿಲ್ಲದೆ ಬಂದ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದು ಕೇಸು ಹಾಕಿದ ಪ್ರಸಂಗಗಳಿವೆ. ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ಕನ್ನಡಿಗರು ರಜೆಗೆ ಬರುವಾಗ ಅಲ್ಲಿ ದಿನವೂ ಬಳಸುವ ಇಂಥ ಸಾಧನವನ್ನು ಅಲ್ಲೇ ಬಿಟ್ಟು ಬರುವುದು ಒಳಿತು.

ನೆರವು ತರಿಸುವ ಅತಿ ಸರಳ ಉಪಾಯ, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ, ಅಷ್ಟರೊಳಗೆ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಮನೆಯವರಿಗೂ ಅರಣ್ಯ ಚೌಕಿಯವರಿಗೂ ಬರೆದುಕೊಟ್ಟು ಹೋಗುವುದು. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸದೆ ಹಲವು ಚಾರಣಪಥಗಳಿಗೆ ಈಗ ಪ್ರವೇಶವಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಡೇರೆ ಹಾಕುವಂತೆಯೂ ಇಲ್ಲ. ಅನುಮತಿ ತಪ್ಪಿಸಿ ಒಳನುಗ್ಗುವವರು ಯಾವ ಪುಸ್ತಕದಲ್ಲೂ ಹೆಸರಿಲ್ಲದವರಾಗುತ್ತಾರೆ. ಅವರು ಕಾಣೆಯಾದರೆ ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂದೇ ತಿಳಿಯುವುದಿಲ್ಲ.

"ಸೋಲಾರ್ ಪ್ಯಾನೆಲ್ ಇದ್ದರೆ ಬ್ಯಾಟರಿ ಚಿಂತೆಯಿಲ್ಲ"

ಎರಡು ರಾತ್ರಿಯ ಶಿಬಿರಕ್ಕೆ ಇದು ಬೇಡದ ಹೊರೆ. ಮರದ ನೆರಳಿನಲ್ಲಿ, ಮೋಡ ಕವಿದಾಗ ಪ್ಯಾನೆಲ್‌ನಿಂದ ಬರುವ ವಿದ್ಯುತ್ತು ತೀರಾ ಕಡಿಮೆ. ನಡೆಯುವಾಗ ಚೀಲದ ಬೆನ್ನಿಗೆ ಕಟ್ಟಿದರೆ ಅದು ಸೂರ್ಯನಿಗೆ ಮುಖ ಮಾಡುವುದೇ ಅಪರೂಪ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 37 ವಾಟ್-ಗಂಟೆ ಶಕ್ತಿಯಿದ್ದು, ಸೋರಿಕೆ ಕಳೆದು ಸಾಧಾರಣ ಫೋನನ್ನು ಒಂದೂವರೆ ಸಲ ತುಂಬಿಸಬಲ್ಲದು. ಸಿಗ್ನಲ್ ಸಿಗದ ಕಡೆ ಟವರ್ ಹುಡುಕುತ್ತಲೇ ಫೋನ್ ಬ್ಯಾಟರಿ ಕರಗುತ್ತದೆ. ಫ್ಲೈಟ್ ಮೋಡ್ ಹಾಕಿಟ್ಟರೆ ಅಷ್ಟೇ ಬ್ಯಾಟರಿ ಎರಡು ದಿನ ಬರುತ್ತದೆ.

"ದುಬಾರಿ ಟೆಂಟು ಒದ್ದೆಯಾಗುವುದಿಲ್ಲ, ಕಂಬಳಿಗಿಂತ ಸ್ಲೀಪಿಂಗ್ ಬ್ಯಾಗ್ ಮೇಲು"

ಬೆಳಗಿನ ಜಾವ ಟೆಂಟಿನ ಒಳಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಬಟ್ಟೆ ಸೋರುತ್ತಿದೆ ಎಂದು ಅಂಗಡಿಯವರನ್ನು ದೂರುವವರು ಬಹಳ. ಆ ನೀರು ಹೆಚ್ಚಾಗಿ ಒಳಗೆ ಮಲಗಿದವರ ಉಸಿರಿನದೇ. ಉಸಿರು ಮತ್ತು ಮೈಯಿಂದ ಹೊರಟ ನೀರಾವಿ ಹೊರಗಿನ ಚಳಿಗೆ ತಣ್ಣಗಾದ ಬಟ್ಟೆಯನ್ನು ತಾಗಿ ಹನಿಗಟ್ಟುತ್ತದೆ. ನೀರು ನುಸುಳದ ಬಟ್ಟೆ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಚಳಿಗೆಂದು ಜಿಪ್ಪುಗಳನ್ನೆಲ್ಲ ಎಳೆದು ಮಲಗಿದಷ್ಟೂ ಹನಿ ಹೆಚ್ಚು. ಮೇಲುಹೊದಿಕೆಯನ್ನು ಬಿಗಿಯಾಗಿ ಎಳೆದು ಒಳಗೋಡೆಗೆ ತಾಗದಂತೆ ಕಟ್ಟಿ, ಎದುರುಬದುರು ಗಾಳಿಕಿಂಡಿ ತೆರೆದಿಟ್ಟರೆ ಅಗ್ಗದ ಟೆಂಟೂ ತಕ್ಕಮಟ್ಟಿಗೆ ಒಣಗಿರುತ್ತದೆ.

ಸ್ಲೀಪಿಂಗ್ ಬ್ಯಾಗ್ ಶಾಖವನ್ನು ಹುಟ್ಟಿಸುವುದಿಲ್ಲ, ಮೈಯ ಶಾಖವನ್ನು ಹಿಡಿದಿಡುತ್ತದೆ ಅಷ್ಟೇ. ಅದರ ಮೇಲೆ ಬರೆದಿರುವ ಅತಿ ಕಡಿಮೆ ಉಷ್ಣಾಂಶ ಜೀವ ಉಳಿಯುವ ಅಂಚಿನದಾಗಿರಬಹುದು, ಹಾಯಾಗಿ ನಿದ್ದೆ ಬರುವ ಉಷ್ಣಾಂಶವನ್ನು ಬೇರೆಯಾಗಿ ನೋಡಬೇಕು. ಪುಕ್ಕ ತುಂಬಿದ ಚೀಲ ಹಿಮಾಲಯದ ಒಣಚಳಿಗೆ ಸರಿಸಾಟಿಯಿಲ್ಲದ್ದು. ಮಲೆನಾಡಿನ ಒದ್ದೆ ಗಾಳಿಯಲ್ಲಿ ಪುಕ್ಕ ನೆನೆದು ಮುದ್ದೆಯಾದರೆ ಬೆಚ್ಚಗಿಡುವ ಗುಣ ಹೋಗಿಬಿಡುತ್ತದೆ. ಉಣ್ಣೆಯ ಕಂಬಳಿ ಒದ್ದೆಯಾದರೂ ತುಸು ಬೆಚ್ಚಗಿರುತ್ತದೆ, ಅದರ ದೋಷ ಭಾರ. ಎರಡರಲ್ಲಿ ಯಾವುದನ್ನು ಹೊದ್ದರೂ ಕೆಳಗೆ ದಪ್ಪ ಹಾಸಿಲ್ಲದಿದ್ದರೆ ಚಳಿ ತಪ್ಪಿದ್ದಲ್ಲ. ಮೈಯ ಭಾರಕ್ಕೆ ಕೆಳಗಿನ ಹೊದಿಕೆ ಅಪ್ಪಚ್ಚಿಯಾಗಿ ಶಾಖ ನೇರ ನೆಲಕ್ಕಿಳಿಯುತ್ತದೆ. ಅಗ್ಗದ ಫೋಮ್ ಹಾಸು ಇಲ್ಲಿ ದುಬಾರಿ ಚೀಲಕ್ಕಿಂತ ಹೆಚ್ಚು ಉಪಕಾರಿ.

"ತಿಳಿಯಾಗಿ ಹರಿಯುವ ನೀರು ಶುದ್ಧ" / "ಯುವಿ ಪೆನ್ನು ಇಲ್ಲದೆ ಶುದ್ಧವಾಗದು"

ಎರಡೂ ತಪ್ಪು. ತಿಳಿನೀರಿನಲ್ಲೂ ಇಲಿಜ್ವರದ, ಭೇದಿಯ ರೋಗಾಣುಗಳಿರಬಹುದು. ಅವನ್ನು ಕೊಲ್ಲಲು ಪಾತ್ರೆ ಮತ್ತು ಒಲೆ ಸಾಕು. ಹತ್ತಿಪ್ಪತ್ತು ನಿಮಿಷ ಕುದಿಸಬೇಕೆಂಬುದು ಹಳೆಯ ಮಾತು. ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು, 2,000 ಮೀಟರಿಗಿಂತ ಮೇಲೆ ಮೂರು ನಿಮಿಷ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಸುಮಾರು 1,930 ಮೀಟರ್, ಅಲ್ಲಿ ನೀರು ಸುಮಾರು 94 ಡಿಗ್ರಿಯಲ್ಲಿ ಕುದಿಯುತ್ತದೆ. ರೋಗಾಣು ಸಾಯಲು ಅಷ್ಟು ಬಿಸಿ ಧಾರಾಳ. ನೇರಳಾತೀತ ಬೆಳಕಿನಿಂದ ರೋಗಾಣು ಅಳಿಸುವ ಯುವಿ ಪೆನ್ನು ಕೆಲಸ ಮಾಡಬೇಕಾದರೆ ನೀರು ತಿಳಿಯಾಗಿರಬೇಕು, ಬ್ಯಾಟರಿಯೂ ಇರಬೇಕು. ತೋಟಗಳ ಕೆಳಗೆ ಹರಿಯುವ ಹಳ್ಳದಲ್ಲಿ ಕೀಟನಾಶಕ ಬೆರೆತಿದ್ದರೆ ಕುದಿಸಿದರೂ ಹೋಗದು, ಯುವಿಗೂ ಹೋಗದು. ತೋಟಕ್ಕಿಂತ ಮೇಲಿನ ನೀರನ್ನು ಆರಿಸಿಕೊಳ್ಳುವುದೊಂದೇ ದಾರಿ.

"ಶಬ್ದತರಂಗದ ಸಾಧನ ಸೊಳ್ಳೆ, ಇಂಬಳಗಳನ್ನು ಓಡಿಸುತ್ತದೆ"

ಕಿವಿಗೆ ಕೇಳದ ಶಬ್ದ ಹೊರಡಿಸಿ ಸೊಳ್ಳೆ ಓಡಿಸುವುದಾಗಿ ಹೇಳಿಕೊಳ್ಳುವ ಸಾಧನಗಳೂ ಆ್ಯಪ್‌ಗಳೂ ಮಾರುಕಟ್ಟೆಯಲ್ಲಿವೆ. ಕ್ಷೇತ್ರ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯಲ್ಲಿ ಇವು ಸೊಳ್ಳೆ ಕಡಿತವನ್ನು ತಡೆಯುತ್ತವೆ ಎಂಬುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಮೈತುಂಬ ಬಟ್ಟೆ, ಸೊಳ್ಳೆಪರದೆ, ಹಚ್ಚಿಕೊಳ್ಳುವ ಮುಲಾಮು ಇವು ತಡೆಯುತ್ತವೆ.

ಮಳೆಗಾಲದ ಇಂಬಳ ನೆಲದ ಅದುರು, ಉಸಿರು, ಮೈಬಿಸಿಗಳ ಜಾಡು ಹಿಡಿದು ತರಗೆಲೆಯ ತುದಿಯಲ್ಲಿ ಎದ್ದು ನಿಂತು ತೂಗುತ್ತದೆ. ಕಾಲಿಗೆ ಹತ್ತಿದರೆ ಕಾಲುಚೀಲದ ನೂಲಿನ ಸಂದಿಯಲ್ಲೂ ತೂರುತ್ತದೆ; ಮಂಡಿಯವರೆಗಿನ ಒತ್ತುನೇಯ್ಗೆಯ ಬಟ್ಟೆಚೀಲ ಅದನ್ನು ತಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯವನ್ನು ಅದು ಗಾಯಕ್ಕೆ ಬಿಡುವುದರಿಂದ ರಕ್ತ ಬಹಳ ಹೊತ್ತು ಜಿನುಗುತ್ತದೆ, ಗಾಬರಿ ಬೇಡ. ಉಗುರಿನಿಂದ ಬಾಯಿಯ ಅಂಚನ್ನು ಜಾರಿಸಿ ತೆಗೆದು, ತೊಳೆದು, ಒತ್ತಿ ಹಿಡಿದರೆ ನಿಲ್ಲುತ್ತದೆ.

ನಿಜವಾಗಿ ಹೆದರಬೇಕಾದ್ದು ಕಣ್ಣಿಗೆ ಬೀಳದಷ್ಟು ಸಣ್ಣ ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ, ಅಂದರೆ ಇಂಬಳವಿಲ್ಲವೆಂದು ಜನ ಡೇರೆ ಹೊತ್ತು ಹೊರಡುವ ಕಾಲವೂ ಹೌದು. ಬಾಧಿತ ಊರುಗಳಲ್ಲಿ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ತರಗೆಲೆಯ ಮೇಲೆ ಕೂರಬಾರದು, ಮಂಗ ಸತ್ತುಬಿದ್ದ ಜಾಗದ ಹತ್ತಿರ ಸುಳಿಯಬಾರದು. ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು.

"ಬೆಂಕಿ ಹಾಕಿದರೆ ಪ್ರಾಣಿಗಳು ಬರುವುದಿಲ್ಲ"

ಬೆಂಕಿ ಕಂಡ ಆನೆ ದೂರ ಹೋಗಿಯೇ ಹೋಗುತ್ತದೆ ಎಂಬ ಖಾತ್ರಿಯಿಲ್ಲ. ಡೇರೆಯೊಳಗೆ ಬಚ್ಚಿಟ್ಟ ಬೆಲ್ಲ, ಹಣ್ಣಿನ ವಾಸನೆಯೇ ಅದನ್ನು ಕರೆಯಬಹುದು. ಅಭಯಾರಣ್ಯಗಳಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಳ್ಗಿಚ್ಚು ಎಷ್ಟು ಕಾಡನ್ನು ಬೂದಿ ಮಾಡಿತೆಂದು ಕಂಡವರು ಒಣಹುಲ್ಲಿನ ನಡುವೆ ಕಡ್ಡಿ ಗೀರಲಾರರು. ಇಲ್ಲಿ ಆಧುನಿಕ ತಂತ್ರಜ್ಞಾನ ನಿಸ್ಸಂದೇಹವಾಗಿ ಮೇಲು. ಅಡುಗೆಗೆ ಅನುಮತಿಯಿರುವ ಕಡೆ ಪುಟ್ಟ ಗ್ಯಾಸ್ ಒಲೆ, ಬೆಳಕಿಗೆ ಎಲ್‌ಇಡಿ ಹೆಡ್‌ಲ್ಯಾಂಪ್. ಈ ಬಿಳಿ ಬೆಳಕನ್ನು ಸಾಧ್ಯವಾಗಿಸಿದ ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಂದದ್ದು ಸುಮ್ಮನೆ ಅಲ್ಲ. ಹೆಡ್‌ಲ್ಯಾಂಪು ಎರಡೂ ಕೈಗಳನ್ನು ಬಿಡುವಾಗಿಡುತ್ತದೆ, ಫೋನಿನ ಬ್ಯಾಟರಿಯನ್ನೂ ಉಳಿಸುತ್ತದೆ.

"ಆ್ಯಪ್ ಮಳೆಯಿಲ್ಲ ಎಂದಿದೆ"

ಭಾರತದ ಹವಾಮಾನ ಇಲಾಖೆ 2025ರಲ್ಲಿ ಬಳಕೆಗೆ ತಂದ ಮುನ್ಸೂಚನಾ ವ್ಯವಸ್ಥೆ 6 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಘಟ್ಟದಲ್ಲಿ ಅಷ್ಟರೊಳಗೆ ಒಂದು ಶಿಖರ, ಎರಡು ಕಣಿವೆ ಬಂದುಹೋಗುತ್ತವೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇರುವ ಜಿಲ್ಲೆಯಲ್ಲೇ ಶಿವಮೊಗ್ಗ ನಗರಕ್ಕೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಮೇಲಿನ ಬೆಟ್ಟದಲ್ಲಿ ಮಳೆಯಾದರೆ ಕೆಳಗೆ ಬಿಸಿಲಿರುವಾಗಲೇ ಹಳ್ಳ ಏರುತ್ತದೆ. ತಿಳಿನೀರು ಒಮ್ಮೆಲೇ ಕೆಂಪಾಗಿ ಎಲೆ-ಕಡ್ಡಿ ತೇಲಿಬಂದರೆ ದಡ ಬಿಟ್ಟು ಮೇಲೇರಬೇಕು. ಫೋನ್ ಸಿಡಿಲನ್ನು ಸೆಳೆಯುತ್ತದೆ ಎಂಬುದೂ ಸುಳ್ಳು. ಸೆಳೆಯುವುದು ಬೋಳುಗುಡ್ಡದ ಮೇಲೆ ಎಲ್ಲಕ್ಕಿಂತ ಎತ್ತರವಾಗಿ ನಿಂತದ್ದು, ಅದು ಒಂಟಿ ಮರವಾದರೂ ಸರಿ, ಮನುಷ್ಯನಾದರೂ ಸರಿ. ಟೆಂಟು ಸಿಡಿಲಿನಿಂದ ಕಾಯುವುದಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿ.ಮೀ. ಒಳಗೇ ಇದೆ, ಏಣಿನಿಂದ ಇಳಿಯಬೇಕು.

"ಹಾವು ಕಚ್ಚಿದರೆ ವಿಷ ಹೀರುವ ಪಂಪು ಇದೆಯಲ್ಲ"

2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ವಯಂಸೇವಕರ ಕಾಲಿಗೆ ನಕಲಿ ವಿಷದ್ರವ ಚುಚ್ಚಿ ಇಂಥ ಪಂಪಿನಿಂದ ಹೀರಿಸಿದಾಗ ಹೊರಬಂದದ್ದು ಬಹುಪಾಲು ರಕ್ತಮಿಶ್ರಿತ ದ್ರವ, ಚುಚ್ಚಿದ್ದರ ಶೇ 0.1 ಕೂಡ ವಾಪಸು ಬರಲಿಲ್ಲ. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು ಇನ್ನಷ್ಟು ಹಾನಿಕರ. ಕಚ್ಚಿಸಿಕೊಂಡವರ ಉಂಗುರ, ಬಳೆ, ವಾಚು ಬಿಚ್ಚಿ, ಕಚ್ಚಿದ ಅಂಗ ಅಲುಗದಂತೆ ಕೋಲು ಕಟ್ಟಿ, ಅವರನ್ನು ನಡೆಸದೆ ಹೊತ್ತು ಆಸ್ಪತ್ರೆಗೆ ಸಾಗಿಸಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಭಾರತದಲ್ಲಿ ತಯಾರಾಗುವ ಚುಚ್ಚುಮದ್ದು ಕೆಲಸ ಮಾಡುತ್ತದೆ. ಮಲೆನಾಡಿನ ತರಗೆಲೆಯಲ್ಲಿ ಅಡಗಿರುವ, ಮೂಗು ಉಬ್ಬಿದ ಸಣ್ಣ ಗುಳಿಮಂಡಲದ ವಿಷಕ್ಕೆ ಆ ಮದ್ದು ನಾಟುವುದಿಲ್ಲವಾದರೂ ವೈದ್ಯರ ನಿಗಾ ಮತ್ತು ಬೇರೆ ಚಿಕಿತ್ಸೆ ಅಗತ್ಯ. ಚುಚ್ಚುಮದ್ದು ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲ ಹೊತ್ತಿನಲ್ಲೂ ಇರುತ್ತದೆಂದು ಹೇಳಲಾಗದು. ಶಿಬಿರದ ಜಾಗಕ್ಕೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದಿದೆ, ಅಲ್ಲಿಗೆ ರಾತ್ರಿ ವಾಹನ ಸಿಗುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿ, ಫೋನಿನ ಜೊತೆಗೆ ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಬೇಕು.